ಛೇದದಲ್ಲಿ ಬಿಟ್ಟುಹೋದ ನೆಲ

ಕಳೆದ ವರ್ಷ ಬೆಂಗಳೂರಿನ ಹೆಬ್ಬಾಳದ ಸಮೀಪ ಇಂಧನ ಕುರಿತ ಒಂದು ವಿಚಾರಗೋಷ್ಠಿ ನಡೆಯಿತು. ಮೈಸೂರು ಸಂಸ್ಥಾನವು 1899ರಲ್ಲಿ ಪ್ರಾಯೋಗಿಕ ಕೃಷಿಕ್ಷೇತ್ರವನ್ನು ಆರಂಭಿಸಿದ ಹೆಬ್ಬಾಳವದು. ನಾನು ವಿದ್ಯಾರ್ಥಿಯಾಗಿ ಮಣ್ಣಿನ ಪಾಠ ಕಲಿತದ್ದೂ ಅದೇ ಆಸುಪಾಸಿನಲ್ಲಿ. ಆ ನೆನಪಿನಿಂದಲೇ ಆಹ್ವಾನವನ್ನು ಒಪ್ಪಿಕೊಂಡು ಸಾಗರದ ರೈಲು ಹತ್ತಿದ್ದೆ.

ಗೋಷ್ಠಿಯಲ್ಲಿ ಮಾತನಾಡಿದ ಯುವ ಎಂಜಿನಿಯರ್ ಒಬ್ಬರು ಪರದೆಯ ಮೇಲೆ ಒಂದು ಪಟ್ಟಿಯನ್ನು ತೋರಿಸಿದರು. ಲಿಂಗನಮಕ್ಕಿ: ಚದರ ಮೀಟರಿಗೆ 3 ವ್ಯಾಟ್. ಪಾವಗಡದ ಸೌರ ಉದ್ಯಾನ: 39 ವ್ಯಾಟ್. ಕೊನೆಯ ಸಾಲಿನಲ್ಲಿ, ಹಸಿರು ಅಕ್ಷರಗಳಲ್ಲಿ, ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ: ಚದರ ಮೀಟರಿಗೆ 2000 ವ್ಯಾಟ್. "ಇಷ್ಟು ಕಡಿಮೆ ನೆಲದಲ್ಲಿ ಇಷ್ಟು ವಿದ್ಯುತ್ ಕೊಡುವ ಯೋಜನೆಯನ್ನು ಪರಿಸರದ ಹೆಸರಿನಲ್ಲಿ ವಿರೋಧಿಸುವುದು ವಿಜ್ಞಾನಕ್ಕೆ ಮಾಡುವ ಅಪಚಾರ" ಎಂದು ಅವರು ಹೇಳಿದಾಗ ಸಭೆಯಲ್ಲಿ ಚಪ್ಪಾಳೆ ಬಿತ್ತು. ಅವರ ಗುಣಾಕಾರ ಭಾಗಾಕಾರಗಳಲ್ಲಿ ಯಾವ ತಪ್ಪೂ ಇರಲಿಲ್ಲ. 2000 ಮೆಗಾವ್ಯಾಟ್‌ ಸಾಮರ್ಥ್ಯವನ್ನು ಯೋಜನೆಗೆ ಬೇಕಾದ ಸುಮಾರು 100 ಹೆಕ್ಟೇರ್ ಭೂಮಿಯಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಆದರೆ ನಡುಮಧ್ಯಾಹ್ನದ ಸೂರ್ಯನೇ ನೆಲಕ್ಕೆ ಕೊಡುವುದು ಚದರ ಮೀಟರಿಗೆ ಸುಮಾರು 1000 ವ್ಯಾಟ್. ಸೂರ್ಯನಿಗಿಂತ ಎರಡು ಪಟ್ಟು ಉದಾರವಾದ ನೆಲವೊಂದು ನಮ್ಮ ಶರಾವತಿ ಕಣಿವೆಯಲ್ಲಿದೆ ಎಂದು ಪಟ್ಟಿ ಹೇಳಿದಾಗ ಒಬ್ಬರಿಗಾದರೂ ಸಂಶಯ ಬರಬೇಕಿತ್ತಲ್ಲವೇ?

ಈ ಅಳತೆಗೆ ಇಂಗ್ಲಿಷಿನಲ್ಲಿ ಪವರ್ ಡೆನ್ಸಿಟಿ ಎನ್ನುತ್ತಾರೆ. ಕನ್ನಡದಲ್ಲಿ ಸಾಮರ್ಥ್ಯ ಸಾಂದ್ರತೆ ಎನ್ನೋಣ. ವಿದ್ಯಾರ್ಥಿಗಳು ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನಾವು ಬಿಲ್ಲಿನಲ್ಲಿ ಕಾಣುವ ಯೂನಿಟ್ ಎಂಬುದು ಶಕ್ತಿಯ ಮೊತ್ತ. ವ್ಯಾಟ್ ಎಂಬುದು ಆ ಶಕ್ತಿ ಹರಿಯುವ ವೇಗ. ತೊಟ್ಟಿಯಲ್ಲಿರುವ ನೀರಿಗೂ ನಲ್ಲಿಯಲ್ಲಿ ಸುರಿಯುವ ಧಾರೆಗೂ ಇರುವ ಅಂತರವೇ ಇದು. ಆ ಧಾರೆಯನ್ನು ಅದು ಆಕ್ರಮಿಸುವ ಜಾಗದಿಂದ ಭಾಗಿಸಿದರೆ ಸಾಂದ್ರತೆ ದೊರೆಯುತ್ತದೆ. ಮೋಟಾರು, ಬ್ಯಾಟರಿ, ಟ್ರಾನ್ಸ್‌ಫಾರ್ಮರುಗಳನ್ನು ರಚಿಸುವವರು ಲೀಟರಿಗೆ ಅಥವಾ ಕಿಲೋಗ್ರಾಮಿಗೆ ಇಷ್ಟು ವ್ಯಾಟ್ ಎಂದು ಎಣಿಸುತ್ತಾರೆ. ಕಂಪ್ಯೂಟರಿನ ಚಿಪ್ಪು ಎಷ್ಟು ಬಿಸಿಯಾದೀತೆಂದು ತಿಳಿಯಲು ಚದರ ಸೆಂಟಿಮೀಟರಿಗೆ ಇಷ್ಟು ಎನ್ನುತ್ತಾರೆ. ವಿದ್ಯುತ್ ಉತ್ಪಾದನೆಯ ವಿಷಯದಲ್ಲಿ ಮಾತ್ರ ಛೇದದಲ್ಲಿ ಕೂರುವುದು ನೆಲ. ಕೆನಡಾದ ವಿದ್ವಾಂಸ ವಾಕ್ಲಾವ್ ಸ್ಮಿಲ್ ಅವರು 2015ರಲ್ಲಿ ಈ ಒಂದೇ ಅಳತೆಯ ಮೇಲೆ ಪೂರ್ಣ ಗ್ರಂಥವನ್ನು ಬರೆದರು. ಅಳತೆ ನಿಜಕ್ಕೂ ಉಪಯುಕ್ತವಾದದ್ದು. ಅದನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ.

ಏಕೆಂದರೆ ನನ್ನದೇ ಒಂದು ಭ್ರಮೆಯನ್ನು ಬಿಡಿಸಿದ್ದು ಇದೇ ಅಳತೆ. 2000ದ ದಶಕದಲ್ಲಿ ಹೊಂಗೆ, ಜತ್ರೋಫಗಳಿಂದ ಡೀಸೆಲ್ ತೆಗೆದು ನಾಡನ್ನೇ ನಡೆಸಬಹುದೆಂಬ ಉತ್ಸಾಹ ನಮ್ಮ ಕೃಷಿ ವಿದ್ಯಾಲಯಗಳಲ್ಲಿ ತುಂಬಿತ್ತು. ನಾನೂ ಹಳ್ಳಿ ಹಳ್ಳಿ ತಿರುಗಿ ಅದನ್ನು ಬೋಧಿಸಿದವನೇ. ಒಂದು ದಿನ ಕುಳಿತು ಲೆಕ್ಕ ಹಾಕಿದೆ. ಹೆಕ್ಟೇರಿಗೆ ವರ್ಷಕ್ಕೆ ಒಂದು ಟನ್ ಎಣ್ಣೆ ಬಂತೆಂದೇ ಉದಾರವಾಗಿ ಹಿಡಿದರೂ, ಅದನ್ನು ಉರಿಸಿ ವರ್ಷವಿಡೀ ಪಡೆಯಬಹುದಾದ ಶಾಖ ಸರಾಸರಿ 1200 ವ್ಯಾಟ್. ಎರಡೂವರೆ ಎಕರೆ ಹೊಂಗೆಯ ತೋಪು ಒಂದು ಇಸ್ತ್ರಿಪೆಟ್ಟಿಗೆಗೆ ಸಮ! ಬದುವಿನ ಹೊಂಗೆಯ ಮೇಲೆ ನನಗೆ ಇಂದಿಗೂ ಗೌರವವಿದೆ. ಅದರ ಹಿಂಡಿ, ಸೊಪ್ಪು, ನೆರಳು ಬೆಲೆಯುಳ್ಳವೇ. ಆದರೆ ನಗರದ ವಾಹನಗಳಿಗಾಗಿ ಹೊಲಗಳನ್ನು ಹೊಂಗೆಯ ತೋಪಾಗಿಸಿ ಎಂದು ಅಂದಿನಿಂದ ಯಾರಿಗೂ ಹೇಳಿಲ್ಲ. ಭತ್ತದ ಕಥೆಯೂ ಹೀಗೆಯೇ. ಎಕರೆಗೆ 16 ಕ್ವಿಂಟಲ್ ಭತ್ತವೆಂದರೆ ಚದರ ಮೀಟರಿಗೆ ಒಂದು ವ್ಯಾಟಿನ ಐದನೇ ಒಂದು ಪಾಲು. ಹುಲ್ಲನ್ನು ಸೇರಿಸಿದರೂ ಅರ್ಧ ವ್ಯಾಟ್ ಮುಟ್ಟದು. ಎಲೆಯ ಹಸಿರು ಹಿಡಿಯುವ ಬಿಸಿಲು ಅಷ್ಟೇ. ಅನ್ನ ಬೆಳೆಯುವ ನೆಲವನ್ನು ವಿದ್ಯುತ್ತಿನ ತಕ್ಕಡಿಯಲ್ಲಿ ತೂಗಿದರೆ ಅದು ಸದಾ ಸೋಲುತ್ತದೆ. ತಕ್ಕಡಿ ಸುಳ್ಳಲ್ಲ. ಯಾವುದನ್ನು ತೂಗಬೇಕು, ಯಾವುದನ್ನು ತೂಗಬಾರದು ಎಂಬುದು ತೂಗುವವನ ವಿವೇಕಕ್ಕೆ ಬಿಟ್ಟದ್ದು.

ಇನ್ನು ಛೇದದ ವಿಚಾರ. ಮಲೆನಾಡಿಗರಿಗೆ ಇದನ್ನು ವಿವರಿಸುವುದು ಸುಲಭ, ಏಕೆಂದರೆ ನಮ್ಮಲ್ಲಿ ಸೊಪ್ಪಿನಬೆಟ್ಟವಿದೆ. ಎಕರೆ ಅಡಿಕೆ ತೋಟದ ಫಸಲು ಎಷ್ಟೆಂದು ಕೇಳಿದರೆ ಕ್ವಿಂಟಲುಗಳಲ್ಲಿ ಉತ್ತರ ಹೇಳುತ್ತೇವೆ. ಆದರೆ ಆ ತೋಟಕ್ಕೆ ಸೊಪ್ಪು, ದರಕು, ಗೊಬ್ಬರ ಒದಗಿಸುವುದು ತೋಟದ ಬೇಲಿಯ ಹೊರಗಿನ ಬೆಟ್ಟ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟಿದ್ದರು. ಹಾಗಾದರೆ ಆ ಫಸಲು ಒಂದು ಎಕರೆಯದೋ ಹತ್ತು ಎಕರೆಯದೋ? ಬೆಟ್ಟವನ್ನು ಮರೆತು ತೋಟವನ್ನಷ್ಟೇ ಅಳೆದವನು ಗಣಿತದಲ್ಲಿ ತಪ್ಪುವುದಿಲ್ಲ. ಮೂರು ವರ್ಷದಲ್ಲಿ ತೋಟವನ್ನು ಕಳೆದುಕೊಳ್ಳುತ್ತಾನೆ.

ಲಿಂಗನಮಕ್ಕಿಗೆ ಇದೇ ವಿವೇಕವನ್ನು ಅನ್ವಯಿಸಿ ನೋಡೋಣ. ಎಂಜಿನಿಯರ್ ಹೇಳಿದ 3 ವ್ಯಾಟ್ ಬಂದದ್ದು ಶರಾವತಿ ವಿದ್ಯುದಾಗಾರದ 1035 ಮೆಗಾವ್ಯಾಟ್ ಸ್ಥಾಪಿತ ಸಾಮರ್ಥ್ಯವನ್ನು 300 ಚದರ ಕಿಲೋಮೀಟರಿಗೂ ಮಿಕ್ಕಿದ ಮುಳುಗಡೆ ಪ್ರದೇಶದಿಂದ ಭಾಗಿಸಿ. ಆದರೆ ಯಂತ್ರಗಳು ವರ್ಷವಿಡೀ ಪೂರ್ಣ ತಿರುಗುವುದಿಲ್ಲ. ವರ್ಷಕ್ಕೆ ಸುಮಾರು 500 ಕೋಟಿ ಯೂನಿಟ್ ಎಂದು ಹಿಡಿದರೆ ಸರಾಸರಿ 570 ಮೆಗಾವ್ಯಾಟ್. ಸಾಂದ್ರತೆ ಚದರ ಮೀಟರಿಗೆ 2 ವ್ಯಾಟಿಗೂ ಕಡಿಮೆ. ಅಲ್ಲಿಗೂ ನಿಲ್ಲುವಂತಿಲ್ಲ. ಅಣೆಕಟ್ಟೆಯು ನೀರನ್ನು ಸೃಷ್ಟಿಸುವುದಿಲ್ಲ. ಸುಮಾರು 1990 ಚದರ ಕಿಲೋಮೀಟರಿನ ಜಲಾನಯನ ಪ್ರದೇಶದ ಕಾಡು, ಬ್ಯಾಣ, ಗದ್ದೆ, ತೋಟಗಳು ಮಳೆಯನ್ನು ಹಿಡಿದು, ಹಿಂಗಿಸಿ, ನಿಧಾನವಾಗಿ ಬಿಟ್ಟುಕೊಡುವುದರಿಂದಲೇ ಟರ್ಬೈನುಗಳು ತಿರುಗುತ್ತವೆ. ಆ ನೆಲವನ್ನೂ ಛೇದಕ್ಕೆ ಸೇರಿಸಿದರೆ ಉಳಿಯುವುದು ಚದರ ಮೀಟರಿಗೆ 0.3 ವ್ಯಾಟಿಗಿಂತ ತುಸು ಕಡಿಮೆ, ಅಂದರೆ ಹೆಚ್ಚುಕಡಿಮೆ ಭತ್ತದ ಗದ್ದೆಯಷ್ಟೇ! ಈ ಲೆಕ್ಕವನ್ನು ಮೊದಲ ಬಾರಿ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜೋಗದ ಕೆಳಗಿನ ವಿದ್ಯುತ್ತು ಕಾಂಕ್ರೀಟಿನ ಸಾಹಸವೆಂದು ನಾವು ಶಾಲೆಯಲ್ಲಿ ಕಲಿತೆವು. ಅದು ನಮ್ಮ ಕಾಡಿನ ಬೆಳೆ ಕೂಡ ಎಂದು ಯಾರೂ ಕಲಿಸಲಿಲ್ಲ. ಕಾಡಿಗೂ ವಿದ್ಯುತ್ತಿಗೂ ನಂಟಿದೆ ಎಂಬ ಸರಳ ಸಂಗತಿ ಯೋಜನಾ ವರದಿಗಳ ಹೊರಗೇ ನಿಂತಿದೆ.

ಚದರ ಮೀಟರಿಗೆ ಇಳಿಯದ ಬಾಬತ್ತುಗಳು ಬೇರೆಯೇ ಇವೆ. 1964ರಲ್ಲಿ ಅಣೆಕಟ್ಟೆ ಮುಗಿದು ಹಿನ್ನೀರು ಏರಿದ ಮೇಲೆ ತುಮರಿ, ಕರೂರು ಸೀಮೆಯ ಜನ ದ್ವೀಪವಾಸಿಗಳಂತಾದರು. ಹೆರಿಗೆಗೂ ಲಾಂಚ್, ಸಂತೆಗೂ ಲಾಂಚ್, ಶಾಲೆ ಕಾಲೇಜಿಗೂ ಲಾಂಚ್. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಣ ಸೇತುವೆ ಜನರ ಬಳಕೆಗೆ ತೆರೆದದ್ದು 2025ರ ಜುಲೈಯಲ್ಲಿ. ನಾಡಿಗೆ ಬೆಳಕು ಕೊಟ್ಟವರು ದಾರಿಗಾಗಿ ಕಾದದ್ದು 61 ವರ್ಷ. ಮುಳುಗಡೆ ಸಂತ್ರಸ್ತರಲ್ಲಿ ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುವವರಿದ್ದಾರೆ. ಪಾವಗಡದಲ್ಲಿ ಸೌರಫಲಕ ಹಾಕಲು 13000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು ಎಕರೆಗೆ ವರ್ಷಕ್ಕೆ 21000 ರೂಪಾಯಿಯಿಂದ ಬಾಡಿಗೆ ಆರಂಭಿಸಿದರು. ಅಲ್ಲಿಯೂ ಕುರಿ ಮೇಯಿಸುವವರು, ಭೂಮಿಯಿಲ್ಲದ ಕೂಲಿಕಾರರು ಲೆಕ್ಕದ ಹೊರಗೇ ಉಳಿದರು, ನಿಜ. ಆದರೆ ನೆಲದ ಒಡೆಯನಿಗೆ ನೆಲವೂ ಉಳಿಯಿತು, ವರ್ಷ ವರ್ಷ ಬಾಡಿಗೆಯೂ ಬಂತು. ಶರಾವತಿಯ ಜನರಿಗೆ ಯಾರು ಬಾಡಿಗೆ ಕೊಟ್ಟರು?

ಇನ್ನು ಗೋಷ್ಠಿ ನಡೆದ ಜಾಗದಿಂದ ಕೆಲವೇ ಮೈಲಿ ಉತ್ತರಕ್ಕೆ, ಯಲಹಂಕಕ್ಕೆ ಹೋಗೋಣ. 1990ರ ದಶಕದಲ್ಲಿ ಬೆಂಗಳೂರಿನ ವಿದ್ಯುತ್ ಬರವನ್ನು ನೀಗಿಸಲು ಕರ್ನಾಟಕ ವಿದ್ಯುತ್ ನಿಗಮವು ಅಲ್ಲಿ ಸುಮಾರು 128 ಮೆಗಾವ್ಯಾಟಿನ ಡೀಸೆಲ್ ಸ್ಥಾವರವನ್ನು ನಡೆಸಿತ್ತು. ಆ ಬಳಿಕ ಅಲ್ಲೇ 370 ಮೆಗಾವ್ಯಾಟಿನ ಅನಿಲ ಸ್ಥಾವರ ಬಂತು. ಅನಿಲ ಉರಿಸಿ ಒಂದು ಟರ್ಬೈನು, ಅದರಿಂದ ಹೊರಬೀಳುವ ಬಿಸಿಯಿಂದ ಉಗಿ ಎಬ್ಬಿಸಿ ಮತ್ತೊಂದು ಟರ್ಬೈನು. 2020ರ ಅಕ್ಟೋಬರಿನಲ್ಲಿ ಪರೀಕ್ಷಾರ್ಥ ಚಾಲನೆಯ ಅವಧಿಯಲ್ಲಿ ಬೆಂಕಿ ಅವಘಡ ಸಂಭವಿಸಿ ಅಲ್ಲಿ ದುಡಿಯುತ್ತಿದ್ದವರು ಗಾಯಗೊಂಡರು. ಸ್ಥಾವರ ವಿಧ್ಯುಕ್ತವಾಗಿ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರಿನಲ್ಲಿ.

ಲೆಕ್ಕಕ್ಕಾಗಿ ಸ್ಥಾವರದ ಆವರಣವನ್ನು 100 ಎಕರೆ ಎಂದಿಟ್ಟುಕೊಳ್ಳೋಣ. ಸಾಂದ್ರತೆ ಚದರ ಮೀಟರಿಗೆ 900 ವ್ಯಾಟ್ ದಾಟುತ್ತದೆ. ಅದ್ಭುತ! ಆದರೆ ಅನಿಲವು ಯಲಹಂಕದ ಬಾವಿಯಲ್ಲಿ ಹುಟ್ಟುವುದಿಲ್ಲ. 2013ರಲ್ಲಿ ಕಾರ್ಯಾರಂಭ ಮಾಡಿದ, ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿನವರೆಗಿನ ಸುಮಾರು 1000 ಕಿಲೋಮೀಟರ್ ಕೊಳವೆಮಾರ್ಗದಲ್ಲಿ ಅದು ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಸೀಮೆಗಳ ಹೊಲಗಳಡಿ ಹಾದು ಬರಬೇಕು. ಕೊಳವೆಯ ಮೇಲಿನ ಪಟ್ಟಿಯಲ್ಲಿ ರೈತ ಜೋಳ ಬಿತ್ತಬಹುದು. ಮಾವು, ತೆಂಗು ನೆಡುವಂತಿಲ್ಲ, ಮನೆ ಕಟ್ಟುವಂತಿಲ್ಲ. ಆ ಪಟ್ಟಿ ಬರಿಯ 20 ಮೀಟರ್ ಅಗಲವೆಂದರೂ 20 ಚದರ ಕಿಲೋಮೀಟರ್. ಪೂರ್ತಿ ಛೇದಕ್ಕೆ ಸೇರಿಸಿದರೆ 900 ವ್ಯಾಟ್ ಜರ್ರನೆ 18ಕ್ಕೆ ಇಳಿಯುತ್ತದೆ. ಅದೇ ಕೊಳವೆಯಿಂದ ಅಡುಗೆಮನೆಗಳಿಗೂ ಕಾರ್ಖಾನೆಗಳಿಗೂ ಅನಿಲ ಹೋಗುವುದರಿಂದ ಇಡೀ ಪಟ್ಟಿಯನ್ನು ಯಲಹಂಕದ ತಲೆಗೆ ಕಟ್ಟುವುದು ನ್ಯಾಯವಲ್ಲ. ಸೊನ್ನೆ ಎಂದು ಬರೆಯುವುದೂ ನ್ಯಾಯವಲ್ಲ. ದಾಭೋಲಿಗೆ ಹಡಗಿನಲ್ಲಿ ಬರುವ ದ್ರವೀಕೃತ ಅನಿಲದ ಬಾವಿಗಳು, ಚಿಮಣಿಯಿಂದ ಹೊರಡುವ ಸಾರಜನಕದ ಆಕ್ಸೈಡುಗಳನ್ನು ಉಸಿರಾಡುವ ಬಡಾವಣೆಗಳು, ಜಕ್ಕೂರು ಕೆರೆಗೆ ಹೋಗುತ್ತಿದ್ದ ಶುದ್ಧೀಕರಿಸಿದ ನೀರನ್ನು ಸ್ಥಾವರಕ್ಕೆ ತಿರುಗಿಸುವ ಮಾತು ಬಂದಾಗ ಕಳವಳಪಟ್ಟ ಕೆರೆಯಂಚಿನ ಜನ, ಇವೆಲ್ಲ ಬೇಲಿಯ ಹೊರಗಿವೆ. ಉತ್ತರ ಬೆಂಗಳೂರಿನ ನಿವಾಸಿಗಳೂ ಈ ವಿಷಯದಲ್ಲಿ ನಮ್ಮ ನೆಂಟರೇ ಎಂಬುದನ್ನು ನಾವು ಮರೆಯಬಾರದು.

ತಂತಿಗಳಿಗೂ ನೆಲ ಬೇಕು. 220 ಕಿಲೋವೋಲ್ಟ್ ಮಾರ್ಗಕ್ಕೆ 35 ಮೀಟರ್ ಅಗಲದ ಪಟ್ಟಿ. ಮಲೆನಾಡಿನಿಂದ ರಾಜಧಾನಿಯವರೆಗೆ 300 ಕಿಲೋಮೀಟರ್ ಎಂದು ಹಿಡಿದರೆ ಒಂದೇ ಮಾರ್ಗಕ್ಕೆ 2600 ಎಕರೆ. ಬಯಲಿನಲ್ಲಿ ಅದರಡಿ ರಾಗಿ ಬೆಳೆಯಬಹುದು. ಅಡಿಕೆ, ತೆಂಗು ಬೆಳೆಯಲಾಗದು. ಕಾಡಿನಲ್ಲಿ ಅದು ಶಾಶ್ವತವಾದ ಸೀಳು.

ಈಗ ಆ 2000 ವ್ಯಾಟಿನ ಹಸಿರು ಸಾಲಿಗೆ ಬರೋಣ. ಶರಾವತಿ ಪಂಪ್ಡ್ ಸ್ಟೋರೇಜ್ ಎಂದರೇನು? ಹೆಚ್ಚುವರಿ ವಿದ್ಯುತ್ ಇರುವ ಹೊತ್ತಿನಲ್ಲಿ ಗೇರುಸೊಪ್ಪೆ ಜಲಾಶಯದ ನೀರನ್ನು ತಲಕಳಲೆಗೆ ಎತ್ತಿ, ಸಂಜೆ ಬೇಡಿಕೆ ಏರಿದಾಗ ಅದನ್ನೇ ಕೆಳಕ್ಕೆ ಬಿಟ್ಟು ವಿದ್ಯುತ್ ಪಡೆಯುವುದು. ಎರಡೂ ಜಲಾಶಯಗಳು ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಇಲ್ಲವೆಂಬುದು ಪ್ರತಿಪಾದಕರ ವಾದ. ನಡುವಿನ ಸುರಂಗ, ರಸ್ತೆ, ಯಂತ್ರಾಗಾರಗಳು ಬರುವುದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ. ಬೇಕಾದ ಭೂಮಿಯಲ್ಲಿ ಅರ್ಧಕ್ಕೂ ಹೆಚ್ಚು ಅರಣ್ಯ. ಮರದಿಂದ ಮರಕ್ಕೆ ನೆಗೆದು ಬದುಕುವ, ನೆಲಕ್ಕಿಳಿಯಲು ಹಿಂಜರಿಯುವ ಸಿಂಗಳೀಕಕ್ಕೆ ಹೊಸ ರಸ್ತೆಯೊಂದು ಎಷ್ಟು ಹೆಕ್ಟೇರ್ ಎಂಬುದು ಮುಖ್ಯವಲ್ಲ; ಮೇಲಿನ ಕೊಂಬೆಗಳ ದಾರಿ ಎಲ್ಲಿ ತುಂಡಾಯಿತೆಂಬುದು ಮುಖ್ಯ. ಪಶ್ಚಿಮಘಟ್ಟವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿಯದು.

ಅದನ್ನೂ ಪಕ್ಕಕ್ಕಿಡೋಣ. ಎಂಜಿನಿಯರುಗಳ ಭಾಷೆಯಲ್ಲೇ ಮಾತನಾಡೋಣ. ನೂರು ಯೂನಿಟ್ ಖರ್ಚು ಮಾಡಿ ನೀರೆತ್ತಿದರೆ ಇಂಥ ಸ್ಥಾವರಗಳಲ್ಲಿ ಮರಳಿ ಸಿಗುವುದು 75ರಿಂದ 80 ಯೂನಿಟ್. ದಿನಕ್ಕೆ ಆರು ಗಂಟೆ ಪೂರ್ಣ ಸಾಮರ್ಥ್ಯದಲ್ಲಿ ಓಡಿಸಿದರೆ 1 ಕೋಟಿ 20 ಲಕ್ಷ ಯೂನಿಟ್ ಬರುತ್ತದೆ. ಅದಕ್ಕಾಗಿ ಖರ್ಚಾಗುವುದು 1 ಕೋಟಿ 50 ಲಕ್ಷ. ದಿನದ ನಷ್ಟ 30 ಲಕ್ಷ ಯೂನಿಟ್, ಸರಾಸರಿ 125 ಮೆಗಾವ್ಯಾಟ್. ಯಲಹಂಕ ಸ್ಥಾವರದ ಮೂರನೇ ಒಂದು ಪಾಲು! ಇದು ವಿದ್ಯುತ್ ಉತ್ಪಾದಿಸುವ ಯೋಜನೆಯಲ್ಲ, ವಿದ್ಯುತ್ ಕೂಡಿಡುವ ಕಣಜ. ಅದರ ನಿವ್ವಳ ಸಾಮರ್ಥ್ಯ ಸಾಂದ್ರತೆ ಚದರ ಮೀಟರಿಗೆ ಋಣ 125 ವ್ಯಾಟ್. ಕಣಜವನ್ನು ಗದ್ದೆಯ ಪಕ್ಕ ನಿಲ್ಲಿಸಿ, ಇದರ ಇಳುವರಿ ಎಕರೆಗೆ ಸಾವಿರ ಕ್ವಿಂಟಲ್ ಎಂದರೆ ಯಾವ ರೈತ ನಂಬಿಯಾನು? ಅಂಥ ಪಟ್ಟಿಗೆ ರಾಜಧಾನಿಯ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ.

ಕಣಜ ಬೇಡವೆಂದು ನಾನು ಹೇಳುತ್ತಿಲ್ಲ. ಹಗಲಿನ ಸೌರವಿದ್ಯುತ್ತನ್ನು ಸಂಜೆಗೆ ಇಡಲೇಬೇಕು. 2024ರ ಬೇಸಗೆಯಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17000 ಮೆಗಾವ್ಯಾಟ್ ದಾಟಿದ್ದನ್ನು ಅಲ್ಲಗಳೆಯಲಾಗದು. ಕಣಜ ಎಲ್ಲಿರಬೇಕು ಎಂಬುದಷ್ಟೇ ಪ್ರಶ್ನೆ. ಉಣ್ಣುವವನ ಅಂಗಳದಲ್ಲೋ, 300 ಕಿಲೋಮೀಟರ್ ದೂರದ ಅಭಯಾರಣ್ಯದಲ್ಲೋ? ಇಂದು ಇಪ್ಪತ್ತು ಅಡಿ ಉದ್ದದ ಒಂದು ಬ್ಯಾಟರಿ ಪೆಟ್ಟಿಗೆ ಸುಮಾರು 5000 ಯೂನಿಟ್ ಹಿಡಿದಿಡುತ್ತದೆ. ಆ 1 ಕೋಟಿ 20 ಲಕ್ಷ ಯೂನಿಟಿಗೆ 2400 ಪೆಟ್ಟಿಗೆ. ನಡುವಿನ ಅಂತರ, ಓಣಿ ಸೇರಿಸಿ ಒಂದಕ್ಕೆ 60 ಚದರ ಮೀಟರ್ ಕೊಟ್ಟರೂ 36 ಎಕರೆ. ಎರಡು ಪಟ್ಟು ಎನ್ನಿ, 72 ಎಕರೆ. ಒಂದೇ ಕಡೆ ಇರಬೇಕೆಂದೂ ಇಲ್ಲ; ನಗರದ ಸುತ್ತಣ ಸ್ವೀಕರಣಾ ಕೇಂದ್ರಗಳ ಬಳಿ ಹಂಚಿಡಬಹುದು. ಬ್ಯಾಟರಿಗೂ ಛೇದವಿದೆ ಎಂದು ನೀವು ಕೇಳುವಿರಿ. ಇದೆ, ಅದು ಚಿಲಿ ದೇಶದ ಉಪ್ಪುಮರುಭೂಮಿಯವರೆಗೆ ಚಾಚಿದೆ, ಬೆಂಕಿಯ ಅಪಾಯವೂ ಇದೆ. ಎರಡು ಛೇದಗಳನ್ನೂ ಪೂರ್ತಿ ಬರೆದು ಹೋಲಿಸಿ ಎನ್ನುವುದಷ್ಟೇ ನನ್ನ ಬೇಡಿಕೆ. ಆ ದಿನದ ಪಟ್ಟಿಯಲ್ಲಿ ಈ ಸಾಲೇ ಇರಲಿಲ್ಲ.

ಪಟ್ಟಿಯಲ್ಲಿ ಇಲ್ಲದ ಇನ್ನೊಂದು ಸಾಲೆಂದರೆ ಬಳಕೆಯ ಸಾಂದ್ರತೆ. ವಿಮಾನ ನಿಲ್ದಾಣದ ರಸ್ತೆಯಲ್ಲಿ ಹೆಬ್ಬಾಳದಿಂದ ಯಲಹಂಕದವರೆಗೆ ಎರಡೂ ಬದಿ ನೋಡುತ್ತ ಹೋಗಿ. ಒಂದು ಎಕರೆ ನಿವೇಶನದಲ್ಲಿ 200 ಮನೆಗಳ ವಸತಿ ಸಮುಚ್ಚಯವಿದೆಯೆಂದು ಭಾವಿಸೋಣ. ಪ್ರತಿ ಮನೆ ತಿಂಗಳಿಗೆ 200 ಯೂನಿಟ್ ಬಳಸಿದರೆ, ಅಂದರೆ ಗೃಹಜ್ಯೋತಿಯ ಮಿತಿಯಷ್ಟೇ ಬಳಸಿದರೆ, ಸಮುಚ್ಚಯದ ಬಳಕೆ ಚದರ ಮೀಟರಿಗೆ ಸುಮಾರು 14 ವ್ಯಾಟ್. ಲಿಫ್ಟು, ನೀರಿನ ಪಂಪುಗಳು ಬೇರೆ. ಆ ಒಂದು ಎಕರೆಯನ್ನು ಪೋಷಿಸಲು ಜಲವಿದ್ಯುತ್ತಿನಿಂದಲೇ ಆಗಬೇಕೆಂದರೆ ಏಳು ಎಕರೆ ಮುಳುಗಡೆ ಬೇಕು, ಜಲಾನಯನದ ಕಾಡು ಸೇರಿಸಿದರೆ 50 ಎಕರೆ. ನಗರವೆಂಬ ತೋಟಕ್ಕೆ ನಾವು ಸೊಪ್ಪಿನಬೆಟ್ಟ. ವ್ಯತ್ಯಾಸವಿಷ್ಟೇ: ತೋಟದವನಿಗೆ ತನ್ನ ಬೆಟ್ಟ ಎಲ್ಲಿದೆ ಎಂದು ಗೊತ್ತಿರುತ್ತದೆ.

ಆ ತೋಟದ ಮೇಲೆ ಬಿಸಿಲು ಬೀಳುವುದಿಲ್ಲವೇ? ಒಂದು ಕಿಲೋವ್ಯಾಟ್ ಫಲಕಕ್ಕೆ 100 ಚದರ ಅಡಿ ತಾರಸಿ ಸಾಕು. ದಿನಕ್ಕೆ ಸರಾಸರಿ 4 ಯೂನಿಟ್. ಇದರ ಸಾಂದ್ರತೆ ಚದರ ಮೀಟರಿಗೆ 18 ವ್ಯಾಟ್, ಲಿಂಗನಮಕ್ಕಿಯ ಒಂಬತ್ತು ಪಟ್ಟು. ಇದಕ್ಕೆ ಹೊಸ ನೆಲ ಬೇಕಿಲ್ಲ, ಸಿಂಗಳೀಕವನ್ನು ಓಡಿಸಬೇಕಿಲ್ಲ, 35 ಮೀಟರಿನ ಸೀಳೂ ಬೇಡ. ಬಹುಮಹಡಿ ಕಟ್ಟಡದ ತಾರಸಿ ಅದರ ಬೇಡಿಕೆಯನ್ನು ಪೂರ್ತಿ ತುಂಬಲಾರದು ಎಂದು ಇದೇ ಅಳತೆ ಹೇಳುತ್ತದೆ, ಅದನ್ನು ಒಪ್ಪೋಣ. ಆದರೆ ಆರ್.ಟಿ. ನಗರದ ಎರಡು ಅಂತಸ್ತಿನ ಮನೆಗಳು, ಯಶವಂತಪುರದ ಗೋದಾಮುಗಳು, ಮಾರುಕಟ್ಟೆಯ ಉದ್ದನೆಯ ಮಾಡುಗಳು, ಶಾಲೆಗಳು, ಬಸ್ ಡಿಪೋಗಳು? ಹಿಂದಿನ ಬಿಬಿಎಂಪಿ ವ್ಯಾಪ್ತಿ 700 ಚದರ ಕಿಲೋಮೀಟರಿಗೂ ಹೆಚ್ಚು. ಅದರಲ್ಲಿ ನೂರಕ್ಕೆ ಎರಡು ಪಾಲು ಫಲಕ ಹೊದಿಸಿದರೂ ದಿನಕ್ಕೆ 50 ಲಕ್ಷ ಯೂನಿಟ್ ಮೀರುತ್ತದೆ. ಗಾಜಿನ ಪೆಟ್ಟಿಗೆಗಳಂಥ ಕಟ್ಟಡಗಳನ್ನು ಕಟ್ಟಿ, ಒಳಗೆ ಕಾದ ಗಾಳಿಯನ್ನು ತಂಪುಗೊಳಿಸಲು ಮಲೆನಾಡಿನ ನೀರನ್ನು ಬೇಡುವ ವಾಸ್ತುಶಿಲ್ಪಕ್ಕೆ ಚದರ ಮೀಟರಿಗೆ ಇಷ್ಟು ವ್ಯಾಟ್ ಮೀರಬಾರದೆಂಬ ಕಟ್ಟುನಿಟ್ಟು ಇರಲಿ. ಸಾಂದ್ರತೆಯ ಅಳತೆಗೋಲನ್ನು ಹಿಡಿದು ಘಟ್ಟಕ್ಕೆ ಬರುವವರು ಮೊದಲು ಅದನ್ನು ಹೆಬ್ಬಾಳದಲ್ಲಿ ಹಿಡಿಯಲಿ.

ಗೋಷ್ಠಿ ಮುಗಿದ ಮೇಲೆ ಆ ಯುವಕರೊಡನೆ ಚಹಾ ಕುಡಿಯುತ್ತ ಈ ಲೆಕ್ಕಗಳನ್ನು ಒಂದು ಹಾಳೆಯ ಮೇಲೆ ಬರೆದು ತೋರಿಸಿದೆ. ಋಣ 125 ಎಂಬಲ್ಲಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸರ್, ನಮಗೆ ಕೊಟ್ಟ ನಮೂನೆಯಲ್ಲಿ ಭೂಮಿ ಎಂಬ ಕಾಲಂ ಒಂದೇ ಇರುತ್ತದೆ, ಅದಕ್ಕೆ ಯೋಜನೆಯ ಬೇಲಿಯೊಳಗಿನದನ್ನೇ ತುಂಬುತ್ತೇವೆ" ಎಂದರು. ಸಜ್ಜನರು. ಹಾಳೆಯನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡರು.

ನಮ್ಮ ಬಳಗದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮೂರ ಮೇಲೆ ವಿದ್ಯುತ್ ಮಾರ್ಗ ಹಾದಿದ್ದರೆ ಅದರಡಿಯ ಪಟ್ಟಿ ಎಷ್ಟು ಮಾರು ಅಗಲ, ಯಾರ ತೋಟದಲ್ಲಿ ಎಷ್ಟು ಅಡಿಕೆಮರ ಕಡಿದರು, ಯಾವ ವರ್ಷ, ಪರಿಹಾರವೆಷ್ಟು ಬಂತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಿ. ಹಿನ್ನೀರಿನ ಊರುಗಳವರು ಮುಳುಗಿದ ಗದ್ದೆ, ಬ್ಯಾಣ, ಬೆಟ್ಟಗಳ ಸರ್ವೆ ನಂಬರು ಇರುವ ಹಳೆಯ ಪಹಣಿಗಳನ್ನು ಹುಡುಕಿ ನಕಲು ಮಾಡಿಡಿ. ಬೆಂಗಳೂರಿನಲ್ಲಿ ಓದುತ್ತಿರುವವರು ತಮ್ಮ ವಸತಿನಿಲಯದ ತಾರಸಿಯನ್ನು ಅಳೆದು, ಒಂದು ತಿಂಗಳ ವಿದ್ಯುತ್ ಬಿಲ್ಲಿನ ಜೊತೆ ಕಳಿಸಿ. ಮುಂದಿನ ಸಭೆಗೆ ಇವೆಲ್ಲವನ್ನೂ ತನ್ನಿ; ನಮ್ಮದೇ ಪಟ್ಟಿಯೊಂದನ್ನು ತಯಾರಿಸುವುದಿದೆ.